ಟವೆಲ್ಲಿನ ಕೆಳಗಿನ ಪಾಸ್‌ವರ್ಡ್

ಕೊಟ್ಟೂರಿನ ಪುಷ್ಪಲತಾ ಟೀಚರು ಇಪ್ಪತ್ತೆರಡು ವರ್ಷ ಟೈಪಿಂಗ್ ಕಲಿಸಿದವರು. ಕಲಿಯುವವರು ಕೀ ನೋಡಬಾರದೆಂದು ಅವರ ಕೈಗಳ ಮೇಲೆ ಟವೆಲ್ ಹೊದಿಸಿ, "ಬೆರಳು ನಂಬ್ರಿ, ಕಣ್ಣು ನಂಬಬ್ಯಾಡ್ರಿ" ಎಂದು ಗದರುತ್ತಿದ್ದರು.

2006ರಲ್ಲಿ ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದನ್ನು ಕೊಂಡರು. ಟೈಪಿಂಗ್ ಅಭ್ಯಾಸದ ಸಾಫ್ಟ್‌ವೇರನ್ನು ಬೇರೆ ಸಿಡಿಯಿಂದ ಹಾಕಿಕೊಳ್ಳಬೇಕಿತ್ತು. ಮಾರಿದವನು ಬರೆದುಕೊಟ್ಟ ಚೀಟಿ ನೋಡಿ ಟೀಚರು ಕಮಾಂಡ್ ಹೊಡೆದರು. ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಹೊಡೆದರೆ ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ, ಒಂದು ಚುಕ್ಕಿಯೂ ಇಲ್ಲ. ಅಕ್ಷರವೇ ಬೀಳದ ಮೇಲೆ ಎಂಟರ್ ಒತ್ತುವುದಾದರೂ ಏಕೆ? ಕೀಬೋರ್ಡ್ ಬೋರಲು ಹಾಕಿ ಧೂಳು ಕೊಡವಿದರು. ಪಕ್ಕದ ಜೆರಾಕ್ಸ್ ಅಂಗಡಿಯಿಂದ ಬೇರೊಂದು ತಂದು, ಕಂಪ್ಯೂಟರು ಆರಿಸಿ ಹಚ್ಚಿ, ಮೊದಲಿನಿಂದ ಶುರುಮಾಡಿದರು. ಮತ್ತೆ ಪಾಸ್‌ವರ್ಡ್. ಎರಡಕ್ಷರ ಹೊಡೆದು ನಿಂತರು. ಇದೂ ಮೂಕ.

"ಕಮಾಂಡ್ ಹೊಡಿಯೋವಾಗ ನೆಟ್ಟಗಿತ್ತಲ್ಲ! ಈಗೇನು ದೆವ್ವ ಬಡದೈತಿ ಇದಕ್ಕ?"

ಟವೆಲ್ ಸರಿಸಿದ್ದಕ್ಕೆ ಬೆಳಿಗ್ಗೆಯಷ್ಟೇ ಬೈಸಿಕೊಂಡಿದ್ದ, ಟೈಪಿಂಗ್ ಕಲಿಯಲು ಬರುತ್ತಿದ್ದ ಅಂಗನವಾಡಿಯ ಗೀತಮ್ಮ ಎದ್ದು ಬಂದು, ಅದೇ ಟವೆಲ್ಲನ್ನು ಟೀಚರ ಕೈಮೇಲೆ ಹೊದಿಸಿದಳು.

"ಉಳಿದದ್ದು ಹೊಡೀರಿ ಟೀಚರ್. ಬೆರಳು ನಂಬ್ರಿ."

ಟೀಚರು ಹೊಡೆದು, ಹಲ್ಲು ಕಚ್ಚಿ ಎಂಟರ್ ಒತ್ತಿದರು. ಪರದೆ ತುಂಬ ಸಾಲುಗಳು ಓಡತೊಡಗಿದವು. ಕಣ್ಣಿಗೆ ಕಾಣದ ಪಾಸ್‌ವರ್ಡ್ ಒಳಗೆ ಸರಿಯಾಗಿಯೇ ಹೋಗಿತ್ತು; ಸಾಫ್ಟ್‌ವೇರು ಕಂಪ್ಯೂಟರಿನಲ್ಲಿ ಕೂರುತ್ತಿತ್ತು.

ಟೀಚರು ಮಾತ್ರ ಟವೆಲ್ ಎತ್ತಿ, ತಮ್ಮ ಬೆರಳುಗಳನ್ನೇ ಅನುಮಾನದಿಂದ ನೋಡುತ್ತ ಕುಳಿತರು.