ವಿರುಪಾಕ್ಷಪ್ಪನವರ ವಿಮಾನದ ಬಳೆ

ವಿಠ್ಠಲವಾಡಿ ರೈಲ್ವೆ ಸ್ಟೇಷನ್ನಿನ ಹಿಂದಿನ ಚಾಳಿನಲ್ಲಿ ವಿರುಪಾಕ್ಷಪ್ಪನವರ ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ; ತೋರಿಸುವಾಗ ಸ್ವಲ್ಪ ನಗುತ್ತಾರೆ. ಹೊಟ್ಟೆ ತುಂಬುವುದು ಫ್ಯಾನು, ಮಿಕ್ಸರ್ ರಿಪೇರಿಯಿಂದ. ಬೋರ್ಡಿನ ಮೇಲೆ ಮಾತ್ರ ಇಂದಿಗೂ ‘ರೇಡಿಯೊ ತಜ್ಞ’.

ಅವರ ಹೆಮ್ಮೆಯೆಲ್ಲ ಉಲ್ಹಾಸನಗರದ ಗುಜರಿಯಲ್ಲಿ ಸಿಕ್ಕ ಒಂದು ಲೋಹದ ಬಳೆ. ಊಟದ ತಟ್ಟೆಯಷ್ಟು ಅಗಲ, ಒಳಗೆ ಸುತ್ತಿದ ತಂತಿ. ಹಳೇ ಕಾಲದ ವಿಮಾನದ ನೆತ್ತಿಯ ಮೇಲಿತ್ತಂತೆ. ಫ್ಯಾನು ತಂದವರಿಗೆಲ್ಲ ಪಾಠ ಕಡ್ಡಾಯ: “ಮೋಡದಾಗ ದಾರಿ ತಪ್ಪಿದ್ರ ಈ ಬಳಿ ತಿರುಗಸ್ತಿದ್ರು. ಅಂಚು ರೇಡಿಯೊ ಸ್ಟೇಷನ್ ಕಡೆ ಇದ್ರ ಸದ್ದು ಜೋರು. ಮುಖ ಆ ಕಡೆ ಆತೋ, ಸದ್ದು ಸತ್ತಹೋಗ್ತದ. ಅಲ್ಲೇ ಸ್ಟೇಷನ್!”

ಆದರೆ ಬಳೆಗೆ ಬೆನ್ನೂ ಮುಖವೇ. ಸ್ಟೇಷನ್ ಮುಂದಿದೆಯೋ ಹಿಂದಿದೆಯೋ ತಿಳಿಯಲು ಪಕ್ಕದಲ್ಲೊಂದು ನೆಟ್ಟನೆಯ ತಂತಿಯೂ ಬೇಕಿತ್ತು. ಅದನ್ನವರು ಗಿರಾಕಿ ಮೆಟ್ಟಿಲಿಳಿಯುವಾಗ ಗೊಣಗಿ ಮುಗಿಸುತ್ತಿದ್ದರು.

ಹೆಂಡತಿ ಪಾರವ್ವ ಊರಿಗೆ ಹೋದಾಗ ಆಕಾಶವಾಣಿಯವರು ಆಕೆಯ ಬೀಸುವ ಪದ ರೆಕಾರ್ಡ್ ಮಾಡಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಆರೂವರೆಗೆ ಪ್ರಸಾರ, ಒಂದೇ ಸಲ.

“ಮೊಬೈಲಿನಾಗ ಕೇಳೂಣ್ರಿ” ಎಂದಳು ಪಾರವ್ವ.

“ರೇಡಿಯೊ ತಜ್ಞನ ಹೇಂತಿ ಮೊಬೈಲಿನಾಗ ಹಾಡೂದೇನು?” ಎಂದು ಇವರು ಕೆಂಡವಾದರು.

ಭಾನುವಾರ ಆರಕ್ಕೆ ರೇಡಿಯೊ ಹಚ್ಚಿದರೆ ಬರೀ ಗರಗರ. ಆದರೂ ಬಳೆ ಇರುವಾಗ ಭಯವೇಕೆ? ಅದನ್ನು ರೇಡಿಯೊಗೆ ಜೋಡಿಸಿ ಮೆಲ್ಲಗೆ ತಿರುಗಿಸಿದರು. ಒಂದು ಕಡೆ ಗರಗರ ಕುಗ್ಗಿತು. ಬಳೆಯ ಮುಖ ನೆಟ್ಟಗೆ ಪಕ್ಕದ ಮನೆಯ ಗೋಡೆಗಿತ್ತು; ಗರಗರದ ಮೂಲ ಅಲ್ಲೇ ಎಂದುಕೊಂಡರು.

ಅಲ್ಲಿದ್ದವನು ಕಲಬುರಗಿಯ ಹಮಾಲ ಅಂಬಾದಾಸ, ವಾರಕ್ಕೊಂದೇ ದಿನ ಹೊತ್ತೇರುವ ತನಕ ಮಲಗುವವನು. ಇವರು ಬಾಗಿಲು ಬಡಿದರು.

“ನಿನ್ನ ಮನ್ಯಾಗಿಂದ ಏನೋ ನನ್ನ ರೇಡಿಯೊ ಕೆಡಸ್ಲಿಕತ್ತದ. ಮೇನ್ ಸ್ವಿಚ್ ಬಂದ್ ಮಾಡು!”

“ಕಾಕಾ, ಸಂಡೇ ಅದ. ಫ್ಯಾನ್ ತೋ ಛೋಡೋ!”

ಆದರೂ ಕಾಕಿಯ ಪದವೆಂದು ಮೇನ್ ಬಂದ್ ಮಾಡಿ, ಬೆವರೊರೆಸುತ್ತ ಇವರ ಹೊಸ್ತಿಲಲ್ಲಿ ಬಂದು ಕೂತ. ಗರಗರ ಇದ್ದ ಹಾಗೇ ಇತ್ತು.

“ಫ್ರಿಜ್ಜೂ ಬಂದ್ ಮಾಡು!”

“ಮೇನ್ ಬಂದ್ ಮಾಡಿದ ಮ್ಯಾಲ ಫ್ರಿಜ್ ಎಲ್ಲಿಂದ ಕಾಕಾ?”

ಅಷ್ಟರಲ್ಲಿ ರೇಡಿಯೊದಲ್ಲಿ ಪಾರವ್ವನ ಹೆಸರು ಹೇಳಿದ್ದು ಅರ್ಧಂಬರ್ಧ ಕೇಳಿ ಮುಳುಗಿಹೋಯಿತು. ಆಕೆಯ ಮುಖ ಬಾಡಿತು. ವಿರುಪಾಕ್ಷಪ್ಪನವರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಪಾರವ್ವ ಒಮ್ಮೆ ಬಳೆಯನ್ನು ನೋಡಿದಳು, ಆಮೇಲೆ ಅದರ ಬೆನ್ನ ಕಡೆಗೆ ನೋಡಿದಳು. ಅಲ್ಲಿ ದೇವರ ಜಗಲಿ. ಮಿಣಮಿಣ ಬಣ್ಣದ ದೀಪದ ಸರ. ಮೊನ್ನೆ ಗಂಡನೇ ರಿಪೇರಿ ಮಾಡಿ ಕಟ್ಟಿದ್ದು. ಎದ್ದು ಹೋಗಿ ಪ್ಲಗ್ ಕಿತ್ತಳು.

ಗರಗರ ನಿಂತಿತು. ಪಾರವ್ವನ ದನಿ ಖೋಲಿಯ ತುಂಬ ಹರಿಯಿತು.

“ಮೂವತ್ತು ವರ್ಷ ಆತು, ತಪ್ಪು ಹುಡುಕೂದಂದ್ರ ನಿಮ್ಮ ಬಟ್ಟು ಮೊದಲ ಮಂದಿ ಮನೀನ ತೋರಸ್ತದ” ಎಂದಳು ಆಕೆ, ತನ್ನ ಹಾಡಿನ ಮೇಲೇ.

ವಿರುಪಾಕ್ಷಪ್ಪನವರು ಕಣ್ಣು ತುಂಬಿಕೊಂಡು ಪದ ಕೇಳಿದರು. ಮುಗಿದ ಮೇಲೆ ತಾವೇ ಹೋಗಿ ಅಂಬಾದಾಸನ ಮೇನ್ ಹಾಕಿ ಬಂದರು.

ಬಳೆಯ ಪಕ್ಕದಲ್ಲೀಗ ಒಂದು ನೆಟ್ಟನೆಯ ತಂತಿ ಇದೆ. ಗಿರಾಕಿಗಳಿಗೆ ಪಾಠ ಶುರುವಾಗುವುದು ಅದರಿಂದಲೇ.