ಭಾವ ಬಿಗಿದ ಬೆಲ್ಟು

ಭಾವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿ ಬೆಳೆದಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದಾಗ ಅದರ ಮೇಲೆ ಸುತ್ತಿಗೆ ಬಿದ್ದಿತ್ತಂತೆ. ಯಾರಾದರೂ ಎದುರು ಮಾತಾಡಿದರೆ ಅವರು ಆ ಹೆಬ್ಬೆರಳನ್ನು ಎತ್ತಿ ತೋರಿಸಿ ಬಾಯಿ ಮುಚ್ಚಿಸುತ್ತಿದ್ದರು. ಅದು ಅನುಭವದ ಮುದ್ರೆ ಎಂದು ಅವರ ನಂಬಿಕೆ. ನನಗೆ ಅದರಲ್ಲಿ ಕಾಣುತ್ತಿದ್ದದ್ದು ಸುತ್ತಿಗೆ ಬೀಳುವಾಗ ಕೈ ತೆಗೆಯದ ಒಬ್ಬ ಮನುಷ್ಯ ಮಾತ್ರ.

ಅಕ್ಕನ ಮನೆಯಲ್ಲಿ ಅವರು ರಿಪೇರಿ ಮಾಡದ ವಸ್ತು ಇರಲಿಲ್ಲ. ಫ್ಯಾನಿನ ರೆಗ್ಯುಲೇಟರ್ ಕಿತ್ತುಹಾಕಿದ್ದರು. ಗಾಳಿ ಬೇಡವಾದವರು ಎದ್ದು ಹೊರಗೆ ಹೋಗಲಿ ಎನ್ನುವುದು ಅವರ ವಾದ. ಬಚ್ಚಲಿನ ನಲ್ಲಿಯ ಜಾಗದಲ್ಲಿ ಕಾರ್ಖಾನೆಯ ವಾಲ್ವ್ ಕೂರಿಸಿದ್ದರು. ಅದನ್ನು ತಿರುಗಿಸಲು ಅಕ್ಕ ಎರಡೂ ಕೈ ಹಾಕಬೇಕಿತ್ತು. ಅಕ್ಕನ ಕಿಡ್ನಿ ಕೆಟ್ಟು, ಡಯಾಲಿಸಿಸ್‌ಗೆಂದು ಎಡಗೈಯ ರಕ್ತನಾಳ ಜೋಡಿಸಿದ ಮೇಲೆ ಆ ಕೈಗೆ ಭಾರ ಬೀಳಬಾರದು ಎಂದು ಡಾಕ್ಟರು ಹೇಳಿದರು. ವಾಲ್ವ್ ಮಾತ್ರ ಬದಲಾಗಲಿಲ್ಲ. ಪಕ್ಕದ ಮನೆಯಾಕೆ ಬಂದು ನೀರು ಬಿಟ್ಟುಕೊಟ್ಟು ಹೋಗುತ್ತಿದ್ದಳು.

ವಾರಕ್ಕೆ ಮೂರು ಸಲ ಅಕ್ಕನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ನಾನು, ನನ್ನ ಹಳೆಯ ಡೀಸೆಲ್ ಮಿನಿವ್ಯಾನಿನಲ್ಲಿ. ಒಂದು ಸರದಿ ತಪ್ಪಿದರೂ ಅವಳ ಕಾಲು ಊದಿ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಬಾನೆಟ್ಟಿನೊಳಗೆ ಕಟಕಟ ಸದ್ದು ಶುರುವಾದ ಕೂಡಲೇ ವಿನೋಬನಗರದ ಗ್ಯಾರೇಜಿಗೆ ಹೋದೆ. ಬೆಲ್ಟಿನ ಟೆನ್ಷನರ್ ಸವೆದಿದೆ, ಬೆಲ್ಟನ್ನೂ ಬದಲಿಸಬೇಕು ಎಂದ ಮೆಕ್ಯಾನಿಕ್. ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್, ನೀರಿನ ಪಂಪು, ಪವರ್ ಸ್ಟೀರಿಂಗ್ ಎಲ್ಲವನ್ನೂ ತಿರುಗಿಸುವುದು ಆ ಒಂದೇ ಬೆಲ್ಟು. ಅದು ಸಡಿಲವಾಗದಂತೆ ಒಂದು ಗಾಲಿ ಒತ್ತಿಕೊಂಡಿರುತ್ತದೆ. ಗಾಲಿಯ ತೋಳಿಗೆ ಸ್ಪ್ರಿಂಗ್ ಇದ್ದು, ಎಂಜಿನ್ ಅದುರಿದಂತೆ ತೋಳೂ ತುಸು ಆಡುತ್ತದೆ. ಅದೇ ಟೆನ್ಷನರ್. ಹೊಸದೆರಡನ್ನೂ ಕೊಂಡೆ. ಮರುದಿನ ಗಾಡಿ ತಂದರೆ ಕೂರಿಸಿಕೊಡುವುದಾಗಿ ಮೆಕ್ಯಾನಿಕ್ ಹೇಳಿದ.

ಸಂಜೆ ಭಾವ ಪೊಟ್ಟಣ ಬಿಚ್ಚಿ, ಆ ತೋಳನ್ನು ಒತ್ತಿ ನೋಡಿ ನಕ್ಕರು.

"ಬಿಗಿ ಹಿಡಿಯೋ ಸಾಮಾನೇ ಹಿಂಗೆ ಅಲ್ಲಾಡಿದ್ರೆ ಬೆಲ್ಟ್ ಇನ್ನೇನು ನಿಲ್ಲುತ್ತೆ ಮಾರಾಯ? ಬಿಡು, ನಾನೇ ಕೂರಿಸ್ತೀನಿ."

ಗ್ಯಾರೇಜಿನವರಿಗೇ ಬಿಡೋಣ ಎಂದೆ. ಅಕ್ಕನೂ ಅದನ್ನೇ ಹೇಳಿದಳು. ಹೆಬ್ಬೆರಳು ಮೇಲೆದ್ದಿತು. ಅವರು ಕಂಡ ಬೆಲ್ಟುಗಳೆಲ್ಲ ಕಾರ್ಖಾನೆಯವು: ಮೋಟಾರನ್ನು ಹಿಂದಕ್ಕೆ ಎಳೆದು, ಬೆಲ್ಟು ಬಿಗಿದು, ನಟ್ಟು ಲಾಕ್ ಮಾಡಿದರೆ ಕೆಲಸ ಮುಗಿಯಿತು. ಪ್ರಪಂಚದಲ್ಲಿ ಬೇರೆ ತರದ ಬೆಲ್ಟೂ ಇರಬಹುದು ಎಂಬ ಅನುಮಾನ ಅವರಿಗೆ ಬರಲೇ ಇಲ್ಲ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಟೆನ್ಷನರನ್ನು ಹಿಡಿದು ಎಲ್ಲಿಗೋ ಹೋಗಿಬಂದಿದ್ದರು. ಆಮೇಲೆ ನನ್ನೆದುರಿಗೇ ಅದನ್ನು ಕೂರಿಸಿದರು. ಬೆಲ್ಟನ್ನು ಯಾವ ಗಾಲಿಯ ಮೇಲೆ, ಯಾವುದರ ಕೆಳಗೆ ಸುತ್ತಬೇಕೋ ಹಾಗೆಯೇ ಸುತ್ತಿದರು, ಅಷ್ಟನ್ನು ಒಪ್ಪುತ್ತೇನೆ. ಕೊನೆಯ ಗಾಲಿಗೆ ಅದು ಏರದಿದ್ದಾಗ ಕಬ್ಬಿಣದ ರಾಡು ಹಾಕಿ ಮೀಟಿ ಏರಿಸಿದರು. ಕಟಕಟ ಸದ್ದು ನಿಂತಿತ್ತು. ಆ ವಾರವೆಲ್ಲ ಬೀದಿಯಲ್ಲಿ ಸಿಕ್ಕವರಿಗೆ ಗ್ಯಾರೇಜಿನವರ ದಡ್ಡತನವನ್ನು ವರ್ಣಿಸಿದರು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಭಾವನೂ ನಮ್ಮ ಜೊತೆ ಆಸ್ಪತ್ರೆಗೆ ಹೊರಟಿದ್ದರು. ಸೋಗಾನೆ ಇನ್ನೂ ಸ್ವಲ್ಪ ದೂರವಿದೆ ಎನ್ನುವಾಗ, ಸುಟ್ಟ ರಬ್ಬರಿನ ವಾಸನೆ ಬಂತು. ಬ್ಯಾಟರಿಯ ದೀಪ ಹೊತ್ತಿಕೊಂಡಿತು. ಮರುಕ್ಷಣ ಬಾನೆಟ್ಟಿಗೆ ಒಳಗಿನಿಂದ ಏನೋ ಬಡಿಯಿತು. ನಾವು ತಿರುವಿನಲ್ಲಿದ್ದೆವು. ಸ್ಟೀರಿಂಗ್ ಕಲ್ಲಿನಂತಾಯಿತು. ಎದುರಿಗೆ ಜಲ್ಲಿ ಲಾರಿ ಬರುತ್ತಿತ್ತು. ಮೈಭಾರವನ್ನೆಲ್ಲ ಹಾಕಿ ಎಳೆದೆ. ವ್ಯಾನು ಲಾರಿಗೆ ತಾಗದೆ, ರಸ್ತೆ ಬಿಟ್ಟು, ಮುಂದಿನ ಚಕ್ರ ಚರಂಡಿಗೆ ಇಳಿದು ನಿಂತಿತು.

ಹಿಂದೆ ತಿರುಗಿದೆ. ಅಕ್ಕ ಎಡಗೈಯನ್ನು ಹೊಟ್ಟೆಗೆ ಅವಚಿಕೊಂಡು ಅದರ ಮೇಲೆ ಬಾಗಿದ್ದಳು. ಕೈ ಕಾಪಾಡಲು ಹೋಗಿ ಹಣೆಯನ್ನು ಕಿಟಕಿಗೆ ಕೊಟ್ಟಿದ್ದಳು. ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ನನ್ನ ಪಕ್ಕದಲ್ಲಿದ್ದ ಭಾವ ಹಿಂದೆ ತಿರುಗಲಿಲ್ಲ.

"ಗೇರ್ ಬದಲಾಯಿಸೋಕೆ ಬರಲ್ವೇನೋ ನಿಂಗೆ?" ಎಂದರು. ಇಳಿದು ಹೋಗಿ ಬಾನೆಟ್ ಎತ್ತಿದರು.

ಹಿಂದಿನಿಂದ ಬಂದ ತರಕಾರಿ ಗಾಡಿಯವನು ಅಕ್ಕನನ್ನೂ ನನ್ನನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಹಣೆಗೆ ಹೊಲಿಗೆ ಹಾಕಿ, ಅವಳನ್ನು ತಡವಾಗಿ ಮಿಷಿನ್ನಿಗೆ ಹಾಕಿದರು. ಅವಳ ಕೈ ಉಳಿದಿತ್ತು. ಮಧ್ಯಾಹ್ನ ಗ್ಯಾರೇಜಿಗೆ ಹೋದರೆ ವ್ಯಾನನ್ನು ಅಲ್ಲಿಗೆ ಎಳೆದು ತಂದಿದ್ದರು. ಭಾವ ಟೀ ಕುಡಿಯುತ್ತಿದ್ದರು. ಅತಿ ಬಿಗಿಗೆ ಪಂಪಿನ ಬೇರಿಂಗು ಹಿಡಿದುಕೊಂಡು, ಬೆಲ್ಟು ಸುಟ್ಟು ಹರಿದಿತ್ತು. ಮೆಕ್ಯಾನಿಕ್ ಟೆನ್ಷನರ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿದ. ಆಡಬೇಕಾದ ತೋಳನ್ನು ಆಡದಂತೆ ಬುಡಕ್ಕೇ ಬೆಸೆಯಲಾಗಿತ್ತು.

"ಇದಕ್ಕೆ ವೆಲ್ಡಿಂಗ್ ಹೊಡೆದೋರು ಯಾರು ಸಾರ್?"

"ಅಂಗಡಿಯಿಂದ್ಲೇ ಹಂಗೆ ಬಂದಿತ್ತು," ಎಂದರು ಭಾವ. ಇನ್ನೊಂದು ಗುಟುಕು ಟೀ ಕುಡಿದರು. ಅವರ ಮೂರ್ಖತನವನ್ನು ನಾನು ಎಂದಾದರೂ ಮರೆಯುತ್ತಿದ್ದೆನೇನೋ. ಈ ಸುಳ್ಳನ್ನು ಮರೆಯಲಿಲ್ಲ.

ಸಂಜೆ ಅಕ್ಕನಿಗೂ ಅದನ್ನೇ ಹೇಳಿದರು. ನಾನು ಆ ಟೆನ್ಷನರನ್ನು ತಂದು ಅವಳ ಮುಂದಿಟ್ಟೆ. ಅವಳು ಬೆಸುಗೆಯ ಮೇಲೆ ಬೆರಳಾಡಿಸಿದಳು. ನಾನು ಕಂಡಂತೆ ಗಂಡನಿಗೆ ಎಂದೂ ಗಟ್ಟಿಯಾಗಿ ಎದುರಾಡಿದವಳಲ್ಲ.

"ಇನ್ಮೇಲೆ ನಾನು ಕೂರೋ ಗಾಡಿನ ನೀವು ಮುಟ್ಟಬಾರ್ದು. ಹತ್ತಲೂಬಾರ್ದು," ಎಂದಳು.

ಹೆಬ್ಬೆರಳು ಎದ್ದಿತು. ಅವಳು ಅದನ್ನು ನೋಡಲಿಲ್ಲ. ಭಾವ ಮತ್ತೆಂದೂ ನಮ್ಮ ಜೊತೆ ಶಿವಮೊಗ್ಗಕ್ಕೆ ಬರಲಿಲ್ಲ. ಊರಿನಲ್ಲಿ ಮಾತ್ರ, ಭಾಮೈದನಿಗೆ ಗಾಡಿ ಓಡಿಸಲು ಬರುವುದಿಲ್ಲ, ಅದಕ್ಕೇ ಹೋಗುವುದು ಬಿಟ್ಟೆ ಎಂದು ಹೇಳಿಕೊಂಡು ತಿರುಗಿದರು.

ಹೋದ ವರ್ಷ ಭಾವ ಎದೆನೋವು ಬಂದು ತೀರಿಕೊಂಡರು. ಬಂದವರೆಲ್ಲ ಹೊಗಳಿದರು: ಎಂಥ ಕೆಲಸಗಾರ, ಹೆಂಡತಿಗಾಗಿ ಎಷ್ಟು ಒದ್ದಾಡಿದ. ಸತ್ತವರ ವಿಚಾರದಲ್ಲಿ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ನಾನು ಆಡಲಿಲ್ಲ. ಒಳ್ಳೆಯದನ್ನು ಹುಡುಕಿದೆ, ಬೆಲ್ಟು ಸುತ್ತಿದ ಕ್ರಮ ಬಿಟ್ಟರೆ ಏನೂ ಸಿಗಲಿಲ್ಲ.

ಮರುದಿನ ಅಕ್ಕನ ಸರದಿ. ಅವಳು ಸೀರೆ ಬದಲಾಯಿಸಿ ಬಾಗಿಲಿಗೆ ಬಂದಳು. ಸೂತಕದ ಮನೆಯಿಂದ ಹೆಂಗಸು ಹೊಸ್ತಿಲು ದಾಟಬಾರದು, ಹನ್ನೊಂದು ದಿನ ಕಳೆಯಲಿ ಎಂದು ಭಾವನ ಅಣ್ಣ ಅಡ್ಡ ನಿಂತರು.

"ಯಾಕೆ ಭಾವ, ಒಂದು ಸೂತಕ ಸಾಲ್ದಾ ನಿಮ್ಗೆ?" ಎಂದು ಅಕ್ಕ ಕೇಳಿದಳು.

ಅವರು ಪಕ್ಕಕ್ಕೆ ಸರಿದರು. ನಾನು ವ್ಯಾನು ಹೊರಡಿಸಿದೆ. ನಾವು ಆಸ್ಪತ್ರೆ ಮುಟ್ಟಿದಾಗ ಅವಳ ಮಿಷಿನ್ನನ್ನು ಇನ್ನೂ ಬೇರೆಯವರಿಗೆ ಕೊಟ್ಟಿರಲಿಲ್ಲ.