ಅವ್ವ ಸಮುದ್ರಕ್ಕೆ ಜಿಗಿದ ಚಳಿಗಾಲ

ನಮ್ಮ ಕಡೆ ಚಳಿಗಾಲವೆಂದರೆ ಆಗ ಬೆಲ್ಲದ ವಾಸನೆ. ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯುದ್ದಕ್ಕೂ ಗಾಣದ ಹೊಗೆ ಏಳುತ್ತಿತ್ತು. ಬಸ್ಸಿನ ಕಿಟಕಿ ಮುಚ್ಚಿದರೂ ಆ ಬಿಸಿ ಘಮ ಒಳಗೆ ನುಗ್ಗುತ್ತಿತ್ತು. ಹುನ್ನೂರಿನ ದೊಡ್ಡಪ್ಪನ ಹೊಲದಲ್ಲಿ ನಾವು ಮಕ್ಕಳು ಕಬ್ಬಿನ ಸಿಬರನ್ನು ಬಿಸಿ ಪಾಕದಲ್ಲಿ ಅದ್ದಿ ನೆಕ್ಕುತ್ತ ನಾಲಿಗೆ ಸುಟ್ಟುಕೊಳ್ಳುತ್ತಿದ್ದೆವು. ಇದನ್ನೆಲ್ಲ ಎಲ್ಲರ ಹಾಗೆ ನಾನೂ ನಗುನಗುತ್ತ ಹೇಳಬಲ್ಲೆ. ಆದರೆ ಅದೇ ದಿನಗಳ ಇನ್ನೊಂದು ನೆನಪಿದೆ. ಅದನ್ನು ಹೇಳಹೊರಟರೆ ಇವತ್ತಿಗೂ ಹಲ್ಲು ಕಚ್ಚಿಕೊಳ್ಳುತ್ತೇನೆ.

ದೊಡ್ಡಪ್ಪ ಅಪ್ಪನ ಅಣ್ಣ. ಹುನ್ನೂರಿನಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಹೊಲ, ಗಾಣ, ಮನೆಯ ಮಾತು ಎಲ್ಲ ಅವರದೇ. ಅಪ್ಪ ಜಮಖಂಡಿಯಲ್ಲಿ ಸರಕಾರಿ ಗುಮಾಸ್ತನಾಗಿದ್ದರೂ ಅಣ್ಣನ ಮುಂದೆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮಹಾಲಿಂಗಪುರದ ಪೇಟೆಯಲ್ಲಿ ದೊಡ್ಡಪ್ಪನ ಬೆಲ್ಲ ಕೊಳ್ಳುತ್ತಿದ್ದ ಅಂಕೋಲೆಯ ಸಾಹುಕಾರರೊಬ್ಬರಿಗೆ ಸ್ವಂತ ಮೀನಿನ ಬೋಟಿತ್ತು. "ಚಳಿಗಾಲದಲ್ಲಿ ಸಮುದ್ರ ಶಾಂತ ಇರ್ತದೆ. ಮನೆಯವರನ್ನೆಲ್ಲ ಕರ್ಕೊಂಡು ಬನ್ನಿ, ಕಾರವಾರದಿಂದ ಹೊನ್ನಾವರದ ತನಕ ದಂಡೆಗುಂಟ ತೋರಿಸಿಬಿಡ್ತೇನೆ" ಎಂದು ಅವರು ಕರೆದರು. ಆ ವರ್ಷ ಕಬ್ಬು ಬೇಗ ಕಡಿದು ಮುಗಿದಿತ್ತು. ದೊಡ್ಡಪ್ಪ ಒಪ್ಪಿಕೊಂಡರು. ಸಾಲಿ ತಪ್ಪಿಸಿ ನಾವು ಮಕ್ಕಳೂ ಹೊರಟೆವು. ದೊಡ್ಡಪ್ಪ, ದೊಡ್ಡವ್ವ, ಅವರ ಒಬ್ಬನೇ ಮಗ ಬಸು, ಅಪ್ಪ, ಅವ್ವ, ನಾನು.

ಅವ್ವನ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿ. ನಡೆಯಲು ಕಲಿತ ಮೇಲೆ ಅಲ್ಲಿಯ ಮಕ್ಕಳು ಕಲಿಯುತ್ತಿದ್ದದ್ದೇ ಈಜು. ಹೆಣ್ಣು ಗಂಡು ಎನ್ನದೆ ಬೆನ್ನಿಗೆ ಸೋರೆಬುರುಡೆ ಕಟ್ಟಿ ಕೃಷ್ಣೆಗೆ ಬಿಡುತ್ತಿದ್ದರಂತೆ. ಆಚೆ ದಂಡೆಯ ತೋಟಕ್ಕೆ ಬುತ್ತಿಯನ್ನು ತಲೆಗೆ ಕಟ್ಟಿಕೊಂಡು ಈಸುತ್ತ ಹೋಗುತ್ತಿದ್ದೆ ಎಂದು ಅವ್ವ ಹೇಳುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ಸಿಕ್ಕ ನೀರು ಕೊಡದೊಳಗಿನದಷ್ಟೇ.

ಕಾರವಾರದಲ್ಲಿ ಬೋಟು ಹತ್ತುವಾಗ ಅವ್ವ ಬಗ್ಗಿ ಸಮುದ್ರದ ನೀರನ್ನು ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು. ಆಮೇಲೆ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು.

"ಇದರ ಮುಂದ ನಮ್ಮ ಕೃಷ್ಣಿ ಹಳ್ಳ ಆದಳಲ್ಲ ಬೇ!"

ಅಂಥ ನಗುವನ್ನು ನಾನು ಹುನ್ನೂರಿನ ಮನೆಯಲ್ಲಿ ಎಂದೂ ಕೇಳಿರಲಿಲ್ಲ.

ಸಾಹುಕಾರರೂ ನಮ್ಮ ಜೊತೆ ಹತ್ತಿದರು, ಬೋಟು ತೆಂಕಣ ದಿಕ್ಕಿಗೆ ಹೊರಟಿತು. ಎಡಗಡೆ ತೆಂಗಿನ ಸಾಲು, ಗುಡ್ಡ, ಮತ್ತೆ ಮರಳು. ಡೀಸೆಲ್ಲಿನ ಕಮಟು, ಒಣಮೀನಿನ ನಾತ. ಅದರ ನಡುವೆಯೇ ದೊಡ್ಡವ್ವ ಗಂಟು ಬಿಚ್ಚಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತೆಗೆದಳು. ಬೋಟಿನ ಆಳುಗಳಿಗೂ ಕೊಟ್ಟೆವು. ಅವರು ಕಟಕಟ ಎನ್ನುವ ರೊಟ್ಟಿಯನ್ನು ಕಡಿದು, ಇದೇನು ಹಪ್ಪಳವೇ ಎಂದು ಕೇಳಿದರು. ಬಸು ಮತ್ತು ನಾನು ಹಲಗೆಯ ಮೇಲೆ ಕುಳಿತು ಗಜ್ಜುಗ ಆಡಿದೆವು. ಬೋಟು ಓಲಾಡಿದಾಗಲೆಲ್ಲ ಗಜ್ಜುಗ ಉರುಳಿ ಹೋಗುತ್ತಿದ್ದವು, ಅವನ್ನು ಹಿಡಿಯಲು ಬೋರಲು ಬೀಳುತ್ತಿದ್ದೆವು.

ಗೋಕರ್ಣದ ಗುಡ್ಡ ದಾಟಿದ ಮೇಲೆ ದೊಡ್ಡಪ್ಪ ಕ್ಯಾಮರಾ ತೆಗೆದರು. ಬಸುವನ್ನೆತ್ತಿ ಬೋಟಿನ ಅಂಚಿನ ಕಟ್ಟೆಯ ಮೇಲೆ ನಿಲ್ಲಿಸಿ, ಕೈ ಬಿಟ್ಟು ಹಿಂದಕ್ಕೆ ಸರಿದರು. ಬಸು ಅಳುಮುಖ ಮಾಡಿದ.

"ಹೆದರತೀಯೇನಲೇ? ಗಂಡಸ ಮಗ ಅದಿ, ನೆಟ್ಟಗ ನಿಲ್ಲು!"

ಅವ್ವ ಎದ್ದು ನಿಂತಳು. "ಭಾವಾರ, ಹುಡುಗನ್ನ ಇಳಸ್ರಿ. ಆಕಡಿಂದ ತೆರಿ ಬರಾಕತ್ತೈತಿ."

"ನಿನಗೇನ ತಿಳಿತೈತಿ? ಕುಂದರ ಸುಮ್ಮನ."

ಬೋಟು ಒಮ್ಮೆ ಎದ್ದು ಬಿತ್ತು. ಕಟ್ಟೆಯ ಮೇಲೆ ಬಸು ಇರಲಿಲ್ಲ.

ದೊಡ್ಡವ್ವ ಚೀರಿದಳು. ದೊಡ್ಡಪ್ಪ ಕ್ಯಾಮರಾ ಹಿಡಿದುಕೊಂಡೇ ನಿಂತಿದ್ದರು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಯಾರು ಏನೇ ಹೇಳಲಿ. ಅಪ್ಪ "ಅಣ್ಣಾ, ಅಣ್ಣಾ" ಎನ್ನುತ್ತಿದ್ದ. ಆಳುಗಳು ಎಂಜಿನ್ನಿನ ಹತ್ತಿರದಿಂದ ಓಡಿಬರುವಷ್ಟರಲ್ಲಿ ಅವ್ವ ಸೆರಗು ಕಿತ್ತು, ನೆರಿಗೆ ಎಳೆದು, ಸೀರೆಯನ್ನೆಲ್ಲ ಹಲಗೆಯ ಮೇಲೆ ಎಸೆದು ಜಿಗಿದಿದ್ದಳು. ಸೀರೆ ಉಟ್ಟು ನೀರಿಗಿಳಿದರೆ ಕಾಲಿಗೆ ಸುತ್ತಿಕೊಂಡು ಮುಳುಗಿಸುತ್ತದೆ ಎನ್ನುವುದು ಹೊಳೆದಂಡೆಯ ಹೆಣ್ಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳ ತಲೆ ಎದ್ದಿತು, ಮುಳುಗಿತು. ಮತ್ತೆ ಎದ್ದಾಗ ಒಂದು ಕೈಯಲ್ಲಿ ಬಸುವಿನ ಅಂಗಿಯ ಕೊರಳಿತ್ತು. ಇನ್ನೊಂದು ಕೈಯಿಂದ ನೀರು ಸೀಳುತ್ತ, ಅವಸರವೇ ಇಲ್ಲದವಳಂತೆ, ಅವ್ವ ಬೋಟಿನ ಕಡೆಗೆ ಬಂದಳು. ಆಳುಗಳು ಹಗ್ಗ ಕೊಟ್ಟು ಮೇಲೆಳೆದುಕೊಂಡರು. ಬಸು ಕೆಮ್ಮಿ ನೀರು ಕಾರಿ, ದೊಡ್ಡ ದನಿ ತೆಗೆದು ಅತ್ತ.

"ಎಂಥಾ ಈಜು ತಂಗೀ! ನಮ್ಮ ಬದಿಯ ಗಂಡಸರಿಗೂ ಇದು ಬರೂದಿಲ್ಲ" ಎಂದರು ಸಾಹುಕಾರರು.

ಆ ಮಾತೇ ದೊಡ್ಡಪ್ಪನನ್ನು ಚುಚ್ಚಿರಬೇಕು. ಹಲಗೆಯ ಮೇಲೆ ಬಿದ್ದಿದ್ದ ಸೀರೆಯನ್ನು ಎತ್ತಿ ಅವ್ವನ ಮುಖದ ಮೇಲೆ ಎಸೆದರು.

"ಮೊದಲ ಮೈ ಮುಚ್ಚಿಕೋ. ಪರಮಂದಿ ಮುಂದ ಮನಿತನದ ಮಾನ ಕಳದಿ."

ಮಗನ ಜೀವ ಉಳಿಸಿದವಳಿಗೆ ಅವರು ಆಡಿದ ಮಾತು ಇದು. ದೊಡ್ಡವ್ವ ಬಸುವನ್ನು ಎದೆಗೊತ್ತಿಕೊಂಡೇ ಅವ್ವನ ಕಾಲಿಗೆ ಬಿದ್ದಳು. ದೊಡ್ಡಪ್ಪ ಅವಳ ರಟ್ಟೆ ಹಿಡಿದು "ಏಳ ಮ್ಯಾಲೆ" ಎಂದು ಎಳೆದರು. ಅವ್ವ ನೀರು ಸೋರುತ್ತ, ನಡುಗುತ್ತ, ಅಪ್ಪನ ಕಡೆ ನೋಡಿದಳು. ಅಪ್ಪ ದಂಡೆಯ ಗುಡ್ಡ ನೋಡುತ್ತಿದ್ದ.

ಹೆಂಗಸರು ಕೆಳಗೆ ಕೂರಬೇಕೆಂದು ಅಪ್ಪಣೆಯಾಯಿತು. ಬಲೆಗಳನ್ನು ಒಟ್ಟುವ ಆ ಕತ್ತಲ ಗೂಡಿನಲ್ಲಿ ನಾನು ಅವ್ವನ ಒದ್ದೆ ತೊಡೆಗೆ ಆತುಕೊಂಡು ಕುಳಿತೆ. ಮೇಲೆ ಬಿಸಿಲು, ಸಮುದ್ರ, ಗಂಡಸರ ಮಾತು. ಹೊನ್ನಾವರದ ತನಕ ಹೋಗಲೇ ಇಲ್ಲ. ಕುಮಟೆಯಲ್ಲಿ ಇಳಿದು ಬಸ್ಸು ಹಿಡಿದೆವು.

ಮುಂದಿನ ಬೇಸಿಗೆಯಲ್ಲಿ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಅವ್ವನ ತವರಿನವರೆಲ್ಲ ಊರು ಖಾಲಿ ಮಾಡಿದರು. ಬಾಗಿಲು, ತೊಲೆ ಕಿತ್ತುಕೊಂಡು ಪುನರ್ವಸತಿ ಕೇಂದ್ರದ ಬಯಲಿಗೆ ಹೋದರು. ಅವ್ವ ಒಮ್ಮೆ ಊರಿಗೆ ಹೋಗಿಬರುತ್ತೇನೆ, ಮುಳುಗುವ ಮೊದಲು ಹೊಳೆಯಲ್ಲಿ ಒಂದು ಸಲ ಈಸಿ ಬರುತ್ತೇನೆ ಎಂದು ಕೇಳಿದಳು.

"ಅಣ್ಣ ಬ್ಯಾಡ ಅಂದಾನ" ಎಂದ ಅಪ್ಪ.

"ನೀವ ಏನಂತೀರಿ?"

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಆ ಮಳೆಗಾಲಕ್ಕೆ ಊರು ಮುಳುಗಿತು.

ಈ ಚಳಿಗಾಲದಲ್ಲಿ ಮುಧೋಳದಲ್ಲಿ ಬಸುವಿನ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಬೀಗರಿಗೆ ಕತೆ ಹೇಳುತ್ತಿದ್ದರು. "ಇವ ಸಣ್ಣಾಂವ ಇದ್ದಾಗ ಸಮುದ್ರದಾಗ ಬಿದ್ದಿದ್ದ ನೋಡ್ರಿ. ಹಿಂದನ ಜಿಗಿದೆ ನಾನು. ಜೀವದ ಆಸೆ ಬಿಟ್ಟು ತಗದೇನಿ ಇವನ್ನ."

ಬಸು ತಲೆಯಾಡಿಸಿ ನಗುತ್ತಿದ್ದ. ಅವನು ಕೇಳಿಕೊಂಡು ಬೆಳೆದದ್ದು ಇದನ್ನೇ. ನನಗೆ ತಡೆಯಲಾಗಲಿಲ್ಲ.

"ದೊಡ್ಡಪ್ಪ, ನಿಮಗ ಈಸಾಕ ಬರತೈತೇನ್ರಿ?" ಎಂದೆ. ಪಂಕ್ತಿಯ ಕೊನೆಯವರೆಗೂ ಕೇಳುವಂತೆ. "ಜಿಗಿದಾಕಿ ನಮ್ಮವ್ವ. ನೀವು ಕ್ಯಾಮರಾ ಹಿಡಕೊಂಡ ನಿಂತಿದ್ರಿ."

ಬಡಿಸುವವರ ಕೈ ನಿಂತಿತು. ದೊಡ್ಡವ್ವ ಎಲೆಯಿಂದ ಕಣ್ಣೆತ್ತಲಿಲ್ಲ. ಎಲ್ಲರೂ ಅವ್ವನ ಕಡೆ ತಿರುಗಿದರು. ಅವ್ವ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ಮದಿವಿ ಮನ್ಯಾಗ ಎಂಥಾ ಮಾತಬೇ ಅದು? ನನಗ ಈಸಾಕ ಬರಂಗಿಲ್ಲ."

ದೊಡ್ಡಪ್ಪ ನಕ್ಕರು. "ಸಣ್ಣಾಕಿದ್ದಳು, ಏನೋ ಕನಸ ಕಂಡಾಳ." ಪಂಕ್ತಿ ಮತ್ತೆ ಊಟ ಮಾಡತೊಡಗಿತು.

ಮರಳಿ ಬರುವಾಗ ಬಸ್ಸಿನಲ್ಲಿ ಅವ್ವನ ಪಕ್ಕ ಕುಳಿತು ಕೇಳಿದೆ, ಸಿಟ್ಟಿನಿಂದಲೇ ಕೇಳಿದೆ: "ಯಾಕ ಸುಳ್ಳ ಹೇಳಿದಿ?"

"ಖರೇನ ಹೇಳೇನಿ," ಎಂದಳು ಅವ್ವ. "ಬರತಿತ್ತು. ಈಗ ಬರಂಗಿಲ್ಲ."

ನಾನು ಕಿಟಕಿಯ ಕಡೆ ತಿರುಗಿದೆ. ದಾರಿಯಲ್ಲಿ ಗಾಣಗಳಿರಲಿಲ್ಲ, ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳ ಸಾಲಷ್ಟೇ ಇತ್ತು. ಅವ್ವನ ಊರಿನ ಹೆಣ್ಣುಮಕ್ಕಳೆಲ್ಲ ಈಗ ಬಯಲಿನ ಕೇಂದ್ರದಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುತ್ತಾರೆ. ಅವರ ಮಕ್ಕಳಿಗೆ ಹೊಳೆ ಗೊತ್ತಿಲ್ಲ. ನನಗೂ ಈಸಲು ಬರುವುದಿಲ್ಲ. ಕಲಿಸು ಎಂದು ಚಿಕ್ಕಂದಿನಲ್ಲಿ ಎಷ್ಟೋ ಸಲ ಅವ್ವನ ಬೆನ್ನುಹತ್ತಿದ್ದೆ. ಪ್ರತಿ ಸಲವೂ ಅವಳು ಮೊದಲು ಬಾಗಿಲ ಕಡೆ ನೋಡಿ, ಆಮೇಲೆ ಬೇಡವೆನ್ನುತ್ತಿದ್ದಳು.